ಸಾಸಿವೆಯ ವಿಷ ಮತ್ತು ‘ನೈಸರ್ಗಿಕ’ ಎಂಬ ಲೇಬಲ್ಲು

ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ಆಗಾಗ ಕೃಷಿ ಕ್ರಾಂತಿ ಆಗ್ತಾ ಇರತ್ತೆ. ಜನ್ಮದಲ್ಲಿ ಗುದ್ದಲಿ ಹಿಡಿಯದ ಐದಾರು ಜನ ಇಂಜಿನಿಯರುಗಳು ಮೊಸರನ್ನ ತಿನ್ನುತ್ತಾ ದೇಶದ ರೈತರ ಸಮಸ್ಯೆಯನ್ನೆಲ್ಲಾ ಬಗೆಹರಿಸಿ, ಕೈ ತೊಳೆದುಕೊಂಡು ಎದ್ದು ಹೋಗ್ತೀವಿ. ಇತ್ತೀಚಿನ ಕ್ರಾಂತಿ ಸಾಸಿವೆಯದ್ದು. ಸಾಸಿವೆ, ಎಲೆಕೋಸು, ಮೂಲಂಗಿ ಇವೆಲ್ಲ ಒಂದೇ ಕುಟುಂಬದ ಗಿಡಗಳು, ಇವುಗಳಲ್ಲಿ ಒಂದು ಕಿಣ್ವ ಇದೆ, ಅದರಿಂದ ನೈಸರ್ಗಿಕ ಕೀಟನಾಶಕ ಮಾಡಬಹುದು, “ಕೆಮಿಕಲ್ಲೂ ಇಲ್ಲ, ವಿಷವೂ ಇಲ್ಲ” ಅಂತ ಒಬ್ಬರು ಹೇಳಿದರು. ಉಳಿದವರು ತಲೆಯಾಡಿಸಿದರು.

ನನ್ನ ತಕರಾರು ಇರೋದು ಆ ಕೊನೆಯ ಮಾತಿನ ಬಗ್ಗೆ. ವಿಷವೇ ಇಲ್ಲ ಅಂದ್ಮೇಲೆ ಹುಳ ಯಾಕೆ ಸಾಯುತ್ತೆ ಸ್ವಾಮಿ? ನಾಚಿಕೆಯಿಂದಲೇ?

ಸಾಸಿವೆಯಲ್ಲಿರೋದು ವಿಷವೇ. ಬಹಳ ಚೆಂದದ ವಿಷ. ಅದರ ಹೆಚ್ಚುಗಾರಿಕೆ ‘ನೈಸರ್ಗಿಕ’ ಅನ್ನೋದರಲ್ಲಿಲ್ಲ. ಬೇಕಾದ ಹೊತ್ತಿಗೆ, ಬೇಕಾದ ಜಾಗದಲ್ಲಿ ಮಾತ್ರ ಹುಟ್ಟಿ, ಕೆಲಸ ಮುಗಿಸಿ ಹೊರಟುಹೋಗುತ್ತಲ್ಲ, ಅದರಲ್ಲಿದೆ. ಆ ಗುಣವನ್ನ ಹೊಲದಲ್ಲಿ ಬಳಸಿಕೊಳ್ಳಬಹುದು. ಬಾಟಲಿಗೆ ತುಂಬೋಕೆ ಹೋದರೆ ಮಾತ್ರ ಅದೇ ಗುಣ ಕೈತಪ್ಪಿ ಹೋಗುತ್ತೆ. ಈ ಪೋಸ್ಟಿನಲ್ಲಿ ನಾನು ಹೇಳಹೊರಟಿರೋದು ಇಷ್ಟೇ. ಸ್ವಲ್ಪ ಕೊರೀತೀನಿ, ಸಹಿಸಿಕೊಳ್ಳಿ :-)

ಮೊದಲು ಅಡುಗೆಮನೆಯಿಂದ ಶುರು ಮಾಡೋಣ. ಡಬ್ಬಿಯ ಸಾಸಿವೆಯನ್ನ ಮೂಸಿ ನೋಡಿ, ಯಾವ ಘಾಟೂ ಇಲ್ಲ. ಕಾದ ಎಣ್ಣೆಗೆ ಹಾಕಿ, ಚಟಪಟ ಸಿಡಿಯುತ್ತೆ, ಘಮ್ ಅನ್ನುತ್ತೆ, ಆದರೆ ಖಾರ ಇರಲ್ಲ. ಅದೇ ಸಾಸಿವೆಯನ್ನ ಹಸಿಯಾಗೇ ನೀರು ಹಾಕಿ ಅರೆಯಿರಿ, ಒಂದೆರಡು ನಿಮಿಷದಲ್ಲಿ ಘಾಟು ಮೂಗಿಗೇರಿ ಕಣ್ಣಲ್ಲಿ ನೀರು ಬರುತ್ತೆ. ಉಪ್ಪಿನಕಾಯಿಗೆ ಸಾಸಿವೆ ಪುಡಿ ಕಲಸುವ ಅಮ್ಮಂದಿರಿಗೆ, ಮಲೆನಾಡಿನಲ್ಲಿ ಹಸಿ ಸಾಸಿವೆ ಅರೆದು ಮೊಸರಿಗೆ ಹಾಕಿ ‘ಸಾಸಿವೆ’ ಮಾಡುವವರಿಗೆ ಇದೆಲ್ಲ ಹೊಸದೇನಲ್ಲ. ಒಂದೇ ಕಾಳು, ಮೂರು ನಡವಳಿಕೆ. ಯಾಕೆ?

ಯಾಕಂದ್ರೆ ಘಾಟಿನ ವಸ್ತು ಸಾಸಿವೆಯಲ್ಲಿ ಸಿದ್ಧವಾಗಿ ಇರೋದೇ ಇಲ್ಲ. ಅದನ್ನ ತಯಾರಿಸುವ ಎರಡು ಸಾಮಾನು ಬೇರೆ ಬೇರೆ ಕೋಣೆಯಲ್ಲಿ ಇರ್ತವೆ. ಒಂದು ಗ್ಲುಕೋಸಿನೊಲೇಟ್ ಅನ್ನುವ ಗಂಧಕ ಬೆರೆತ ವಸ್ತು. ನಮ್ಮ ಒಗ್ಗರಣೆ ಸಾಸಿವೆಯಲ್ಲಿ ಮುಖ್ಯವಾಗಿ ಇರೋದು ಸಿನಿಗ್ರಿನ್ ಅನ್ನೋ ಗ್ಲುಕೋಸಿನೊಲೇಟ್. ಇನ್ನೊಂದು ಮೈರೋಸಿನೇಸ್ ಅನ್ನುವ ಕಿಣ್ವ. ಕಾಳು ಒಡೆದು, ಅರೆದು, ಅಥವಾ ಹುಳ ಎಲೆ ಕಚ್ಚಿ ಗೋಡೆ ಒಡೆದಾಗ ಎರಡೂ ಸೇರುತ್ತವೆ. ಕಿಣ್ವವು ನೀರಿನ ಸಹಾಯದಿಂದ ಸಕ್ಕರೆಯ ತುಂಡನ್ನ ಕತ್ತರಿಸಿ ಹಾಕುತ್ತೆ. ಉಳಿದ ಭಾಗ ಒಂಟಿಯಾಗಿ ನಿಲ್ಲಲಾರದೆ ತಾನಾಗೇ ಮರುಜೋಡಣೆಯಾಗಿ ಅಲೈಲ್ ಐಸೋಥಯೋಸಯನೇಟ್ ಆಗುತ್ತೆ. ಮೂಗಿಗೇರೋದು ಇದೇ. ಬಿಸಿ ಎಣ್ಣೆಯಲ್ಲಿ ಕಿಣ್ವ ಹಾಳಾಗುತ್ತೆ, ಹಾಗಾಗಿ ಒಗ್ಗರಣೆಗೆ ಘಾಟಿಲ್ಲ. ನೀರಿಲ್ಲದ ಒಣ ಕಾಳಿಗೂ ಇಲ್ಲ.

ಇದನ್ನ ಕಂಡುಹಿಡಿದು ಬಹಳ ಕಾಲ ಆಯ್ತು. ಫ್ರಾನ್ಸಿನ ಆಂತ್ವಾನ್ ಬ್ಯುಸಿ ಸಾಸಿವೆಯಿಂದ ಈ ಎರಡು ಭಾಗಗಳನ್ನ ಬೇರ್ಪಡಿಸಿದ್ದು 1840ರ ಆಸುಪಾಸಿನಲ್ಲಿ. ಕಿಣ್ವಗಳು ಅಂದ್ರೆ ಏನು ಅಂತಲೇ ಸರಿಯಾಗಿ ಗೊತ್ತಿಲ್ಲದ ಕಾಲ ಅದು. ಗ್ಲುಕೋಸಿನೊಲೇಟಿನ ಸರಿಯಾದ ರಚನೆ ತಿಳಿಯೋಕೆ 1956ರ ತನಕ ಕಾಯಬೇಕಾಯ್ತು, ಅದನ್ನ ಹೇಳಿದವರು ಎಟ್ಲಿಂಗರ್ ಮತ್ತು ಲುಂಡೀನ್. 1984ರಲ್ಲಿ ಲ್ಯೂಟಿ ಮತ್ತು ಮಾಟೀಲ್ ಅನ್ನುವ ವಿಜ್ಞಾನಿಗಳು ತಮ್ಮ ಪ್ರಬಂಧದಲ್ಲಿ ಈ ವ್ಯವಸ್ಥೆಯನ್ನ ‘ಸಾಸಿವೆ ಎಣ್ಣೆ ಬಾಂಬು’ ಅಂತ ಕರೆದರು. ಹೆಸರು ಅಂಟಿಕೊಂಡುಬಿಟ್ಟಿತು. ಈಗಲೂ ಸಂಶೋಧನಾ ಪ್ರಬಂಧಗಳಲ್ಲಿ ಹಾಗೇ ಕರೀತಾರೆ.

ಬಾಂಬು ಅಂದ್ಮೇಲೆ ಅದನ್ನ ನಿಷ್ಕ್ರಿಯ ಮಾಡೋರೂ ಇರಬೇಕಲ್ಲ? ನಮ್ಮ ಕೆಲಸದಲ್ಲಿ ಹೊಸ ಪಾಸ್‌ವರ್ಡು ಪದ್ಧತಿ ತಂದ ಮರುದಿನವೇ ಅದನ್ನ ಮುರಿಯೋ ದಾರಿ ಹುಡುಕುವವರು ಹುಟ್ಟಿಕೊಳ್ತಾರೆ. ಗಿಡಗಳ ಲೋಕದಲ್ಲೂ ಅದೇ ಕತೆ. ಎಲೆಕೋಸಿನ ಪರಮಶತ್ರು ವಜ್ರಬೆನ್ನಿನ ಪತಂಗ, ಅದೇ ಡೈಮಂಡ್ ಬ್ಯಾಕ್ ಮಾತ್. ಅದರ ಹುಳದ ಹೊಟ್ಟೆಯಲ್ಲಿ ಇನ್ನೊಂದು ಕಿಣ್ವ ಇದೆ, ಮೈರೋಸಿನೇಸ್ ಬಂದು ಮುಟ್ಟುವ ಮೊದಲೇ ಗ್ಲುಕೋಸಿನೊಲೇಟಿನ ಸಲ್ಫೇಟ್ ಭಾಗವನ್ನ ಇದು ಕಿತ್ತುಹಾಕುತ್ತೆ. ಫ್ಯೂಸು ತೆಗೆದ ಬಾಂಬು ಸಿಡಿಯಲ್ಲ. ಇದು ಪತ್ತೆಯಾಗಿದ್ದು 2002ರಲ್ಲಿ. ಕೋಸಿನ ಬಿಳಿ ಚಿಟ್ಟೆಯ ಹುಳ ಇನ್ನೊಂದು ದಾರಿ ಹಿಡಿದಿದೆ, ಬಾಂಬು ಸಿಡಿಯೋಕೆ ಬಿಟ್ಟು, ಹುಟ್ಟುವ ವಸ್ತುವನ್ನ ಕಮ್ಮಿ ವಿಷದ ನೈಟ್ರೈಲಿನ ಕಡೆಗೆ ತಿರುಗಿಸುತ್ತೆ. ಇದು ಗೊತ್ತಾಗಿದ್ದು 2004ರಲ್ಲಿ. ಕೋಸಿನ ಗಿಡಹೇನಂತೂ ಇನ್ನೂ ಘಾಟಿ. ಗಿಡದಿಂದ ಗ್ಲುಕೋಸಿನೊಲೇಟ್ ಹೀರಿ ಮೈಯಲ್ಲಿಟ್ಟುಕೊಂಡು, ತನ್ನದೇ ಮೈರೋಸಿನೇಸನ್ನೂ ಇಟ್ಟುಕೊಂಡಿದೆ. ತನ್ನನ್ನ ತಿನ್ನೋಕೆ ಬಂದವರಿಗೆ ತಾನೇ ಬಾಂಬು!

ಇನ್ನೂ ತಮಾಷೆ ಅಂದ್ರೆ, ಬೇರೆ ಕೀಟಗಳನ್ನ ಓಡಿಸುವ ಇದೇ ವಾಸನೆ ಈ ಪರಿಣತರಿಗೆ ಹೋಟೆಲಿನ ಬೋರ್ಡು. ವಜ್ರಬೆನ್ನಿನ ಪತಂಗದ ಹೆಣ್ಣು ಐಸೋಥಯೋಸಯನೇಟಿನ ವಾಸನೆ ಹಿಡಿದು ಮೊಟ್ಟೆ ಇಡೋಕೆ ಜಾಗ ಹುಡುಕುತ್ತೆ. ಹಾಗಾಗಿ ಸಾಸಿವೆಯ ವಿಷವನ್ನ ತೆಗೆದು ಕೋಸಿನ ಮೇಲೆ ಹೊಡೆದರೆ ಆಯ್ತು ಅನ್ನೋದು ಅಷ್ಟು ಸರಳ ಅಲ್ಲ. ಸಾವಿರಾರು ವರ್ಷಗಳಿಂದ ಅದನ್ನೇ ಉಂಡು ಬೆಳೆದ ಹುಳಕ್ಕೆ ಅದನ್ನೇ ಬಡಿಸಿದ ಹಾಗೆ. ಈ ಪತಂಗ ಸಾಮಾನ್ಯದ್ದೂ ಅಲ್ಲ. 1953ರಲ್ಲೇ ಜಾವಾದಲ್ಲಿ ಡಿಡಿಟಿಗೆ ಜಗ್ಗದೆ ನಿಂತಿತ್ತು. 1990ರಲ್ಲಿ ಹವಾಯಿಯ ಹೊಲಗಳಲ್ಲಿ ಬಿಟಿ ಸಿಂಪಡಣೆಯನ್ನೂ ಅರಗಿಸಿಕೊಂಡಿದ್ದು ವರದಿಯಾಯ್ತು.

ಹಾಗಾದರೆ ಸಾಸಿವೆ ಕೆಲಸಕ್ಕೆ ಬರಲ್ಲವಾ? ಬರುತ್ತೆ, ಆದರೆ ಎಲೆಯ ಮೇಲಿನ ಹುಳಕ್ಕಿಂತ ಮಣ್ಣೊಳಗಿನ ಶತ್ರುಗಳಿಗೆ. ಸೊರಗು ರೋಗ ತರುವ ಶಿಲೀಂಧ್ರಗಳು, ಬೇರುಗಂಟು ಮಾಡುವ ಜಂತುಹುಳುಗಳು, ಇವಕ್ಕೆಲ್ಲ ಸಾಸಿವೆ ಬಾಂಬಿನ ಅಭ್ಯಾಸ ಇಲ್ಲ. ಸಾಸಿವೆಯನ್ನ ಹಸಿರೆಲೆ ಗೊಬ್ಬರದ ಥರ ಬೆಳೆಸಿ, ಹೂ ಬಿಡುವ ಹೊತ್ತಿಗೆ ನುಣ್ಣಗೆ ಕತ್ತರಿಸಿ, ಕೂಡಲೇ ಮಣ್ಣಿಗೆ ಸೇರಿಸಿ, ನೀರು ಕೊಟ್ಟು ಮುಚ್ಚಿಬಿಟ್ಟರೆ, ಮಣ್ಣೊಳಗೇ ಹೊಗೆ ಹಾಕಿದ ಹಾಗಾಗುತ್ತೆ. ಆಸ್ಟ್ರೇಲಿಯಾದ ಜಾನ್ ಕಿರ್ಕೆಗಾರ್ಡ್ ಮತ್ತು ಸಂಗಡಿಗರು 1993ರಲ್ಲಿ ಇದಕ್ಕೆ ಬಯೋಫ್ಯೂಮಿಗೇಶನ್ ಅಂತ ಹೆಸರು ಕೊಟ್ಟರು. ‘ಜೈವಿಕ ಹೊಗೆ’ ಅನ್ನಬಹುದೇನೋ.

ಆಗ ಅದಕ್ಕೆ ಒಳ್ಳೆ ಕಾಲವೂ ಕೂಡಿಬಂದಿತ್ತು. ಮಣ್ಣಿಗೆ ಹೊಗೆ ಹಾಕೋಕೆ ಜಗತ್ತೆಲ್ಲ ಬಳಸ್ತಾ ಇದ್ದ ಮೀಥೈಲ್ ಬ್ರೋಮೈಡ್ ಓಝೋನ್ ಪದರಕ್ಕೆ ಮಾರಕ ಅಂತ ಮಾಂಟ್ರಿಯಲ್ ಒಪ್ಪಂದದ ಪಟ್ಟಿಗೆ ಸೇರಿತು. ಕೆಲವು ವಿನಾಯಿತಿಗಳನ್ನ ಬಿಟ್ಟರೆ ಶ್ರೀಮಂತ ದೇಶಗಳಿಗೆ 2005, ನಮ್ಮಂಥ ದೇಶಗಳಿಗೆ 2015 ಕೊನೆಯ ಗಡುವು. ಬದಲಿ ಬೇಕಿತ್ತು, ಸಾಸಿವೆ ಸಿಕ್ಕಿತು.

ಆದರೆ ಲೆಕ್ಕ ಕೈಕೊಟ್ಟಿತು. ಮೋರಾ ಮತ್ತು ಕಿರ್ಕೆಗಾರ್ಡ್ 2002ರಲ್ಲಿ ಮಣ್ಣಿನಲ್ಲಿ ಅಳೆದು ನೋಡಿದಾಗ, ಗಿಡದಲ್ಲಿದ್ದ ಗ್ಲುಕೋಸಿನೊಲೇಟಿನಿಂದ ಹುಟ್ಟಬಹುದಾಗಿದ್ದ ಐಸೋಥಯೋಸಯನೇಟಿನಲ್ಲಿ ಸಿಕ್ಕಿದ್ದು ಸುಮಾರು ಶೇಕಡಾ 1 ಮಾತ್ರ! ಗಿಡವನ್ನ ಹೆಪ್ಪುಗಟ್ಟಿಸಿ ಕರಗಿಸಿ ಜೀವಕೋಶಗಳನ್ನ ಚೆನ್ನಾಗಿ ಒಡೆದಾಗ ಅದು ಶೇಕಡಾ 14ರಿಂದ 26ರ ತನಕ ಏರಿತು. ಅಂದ್ರೆ ಮದ್ದು ಕಮ್ಮಿ ಇರಲಿಲ್ಲ, ಬೀಗ ಒಡೆಯೋದು ಕಮ್ಮಿಯಾಗಿತ್ತು. ಎಷ್ಟು ನುಣ್ಣಗೆ ಕತ್ತರಿಸಿದಿರಿ, ಎಷ್ಟು ಬೇಗ ಮುಚ್ಚಿದಿರಿ, ಮಣ್ಣಲ್ಲಿ ತೇವ ಎಷ್ಟಿತ್ತು... ಫಲಿತಾಂಶ ಇವುಗಳ ಮೇಲೆ ನಿಂತಿದೆ. ನೀವು ಯಾವ ಬ್ರ್ಯಾಂಡಿನ ಬೀಜ ತಂದಿರಿ ಅನ್ನೋದಕ್ಕಿಂತ ಆ ಮಧ್ಯಾಹ್ನ ಹೊಲದಲ್ಲಿ ಏನು ಮಾಡಿದಿರಿ ಅನ್ನೋದು ಮುಖ್ಯ.

ಹಿಂಡಿಯ ಕತೆ ಇನ್ನೂ ಸ್ವಾರಸ್ಯ. ಬಿಸಿ ಮಾಡದೆ ಎಣ್ಣೆ ತೆಗೆದ ಸಾಸಿವೆ ಹಿಂಡಿಯಲ್ಲಿ ಎರಡೂ ಭಾಗ ಉಳಿದಿರುತ್ತವೆ, ಮಣ್ಣಿಗೆ ಹಾಕಿ ನೀರು ಬಿಟ್ಟರೆ ಆಯ್ತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸೇಬಿನ ತೋಟಗಳಲ್ಲಿ ಹಳೆ ಮರ ಕಿತ್ತು ಹೊಸ ಗಿಡ ನೆಟ್ಟರೆ ಏಳೋದೇ ಇಲ್ಲ ಅನ್ನೋ ರೋಗ ಇದೆ. ಅಲ್ಲಿ ಮಾರ್ಕ್ ಮಝೋಲಾ ಮತ್ತು ಜೊತೆಯವರು ಸಾಸಿವೆ ಹಿಂಡಿ ಹಾಕಿ ವರ್ಷಗಟ್ಟಲೆ ಗಮನಿಸಿದರು. ಘಾಟು ಹುಟ್ಟಿ ಒಂದೆರಡು ದಿನದಲ್ಲಿ ಮಾಯ, ಆದರೆ ರೋಗದ ಹತೋಟಿ ಮಾತ್ರ ಬಹಳ ಕಾಲ ಮುಂದುವರೀತು. ಯಾಕಂದ್ರೆ ಹಿಂಡಿಯಿಂದ ಮಣ್ಣಿನ ಸೂಕ್ಷ್ಮಜೀವಿಗಳ ಸಮಾಜವೇ ಬದಲಾಗಿ, ಅವೇ ರೋಗಾಣುಗಳನ್ನ ಹದ್ದುಬಸ್ತಿನಲ್ಲಿಡ್ತಾ ಇದ್ದವು. ಅಂದ್ರೆ ಘಾಟನ್ನ ಮಾತ್ರ ಬಾಟಲಿಗೆ ತುಂಬಿದರೆ ಅರ್ಧ ಕೆಲಸ ಹೊರಗೇ ಉಳಿಯುತ್ತೆ.

ಬಾಟಲಿಗೆ ತುಂಬಿದ್ದೂ ಆಗಿದೆ. 2013ರಲ್ಲಿ ಅಮೆರಿಕದ ಪರಿಸರ ರಕ್ಷಣಾ ಸಂಸ್ಥೆ ಅಲೈಲ್ ಐಸೋಥಯೋಸಯನೇಟನ್ನ ಮಣ್ಣಿನ ಹೊಗೆಮದ್ದಾಗಿ ನೋಂದಾಯಿಸಿಕೊಂಡಿತು, ‘ಜೈವಿಕ ಕೀಟನಾಶಕ’ಗಳ ಪಟ್ಟಿಯಲ್ಲಿ. ಆದರೆ ಕ್ಯಾನಿನಲ್ಲಿ ಗಟ್ಟಿಯಾಗಿ ತುಂಬಿದ ಮೇಲೆ ಅದು ಅಜ್ಜಿಯ ಉಪ್ಪಿನಕಾಯಿ ಅಲ್ಲ. ಕಣ್ಣು, ಚರ್ಮ, ಶ್ವಾಸಕೋಶವನ್ನ ಸುಡುವ ದ್ರವ. ಮುಖಕ್ಕೆ ಮಾಸ್ಕು, ಕೈಗೆ ಗ್ಲೌಸು ಇಲ್ಲದೆ ಮುಟ್ಟುವ ಹಾಗಿಲ್ಲ.

ಇದರ ದಾಯಾದಿಯ ಕತೆಯನ್ನೂ ಕೇಳಿ. ಮೆಟಾಮ್ ಸೋಡಿಯಂ ಅಂತ ಒಂದು ಕಾರ್ಖಾನೆಯ ರಾಸಾಯನಿಕ. ನೀರು, ಮಣ್ಣು ತಾಗಿದರೆ ಮೀಥೈಲ್ ಐಸೋಥಯೋಸಯನೇಟ್ ಆಗುತ್ತೆ, ಅಂದ್ರೆ ಸಾಸಿವೆಯ ಘಾಟಿನ ಚಿಕ್ಕಪ್ಪನ ಮಗ. ಸಾಸಿವೆಯ ದೂರದ ನೆಂಟ ಕೇಪರ್ ಗಿಡದಲ್ಲಿ ಇದೇ ವಸ್ತು ಸಹಜವಾಗಿಯೂ ಹುಟ್ಟುತ್ತೆ. 1991ರ ಜುಲೈ 14ರ ರಾತ್ರಿ ಕ್ಯಾಲಿಫೋರ್ನಿಯಾದ ಡನ್ಸ್‌ಮ್ಯೂರ್ ಹತ್ತಿರ ರೈಲು ಹಳಿತಪ್ಪಿ ಸುಮಾರು 72 ಸಾವಿರ ಲೀಟರ್ ಮೆಟಾಮ್ ಸೋಡಿಯಂ ಸ್ಯಾಕ್ರಮೆಂಟೋ ನದಿಗೆ ಸೇರಿತು. ಸುಮಾರು 60 ಕಿಲೋಮೀಟರು ಉದ್ದಕ್ಕೆ ನದಿ ಸತ್ತುಹೋಯ್ತು. ಹತ್ತು ಲಕ್ಷಕ್ಕೂ ಹೆಚ್ಚು ಮೀನು ಸತ್ತವು.

ಕಾರ್ಖಾನೆಯಲ್ಲಿ ಮಾಡಿದರೆ ‘ಕೆಮಿಕಲ್’, ಗಿಡದಲ್ಲಿ ಹುಟ್ಟಿದರೆ ‘ನೈಸರ್ಗಿಕ’. ಮೀನಿಗೆ ಆ ವ್ಯತ್ಯಾಸ ಗೊತ್ತಾಗಲ್ಲ. ತಂಬಾಕಿನ ನಿಕೋಟಿನ್ ಕೂಡ ಅಪ್ಪಟ ನೈಸರ್ಗಿಕವೇ, ಒಂದು ಕಾಲದಲ್ಲಿ ಕೀಟನಾಶಕವಾಗಿ ಬಳಸ್ತಾ ಇದ್ದರು, ಎಂಥಾ ಭಯಂಕರ ವಿಷ ಅಂತ ಎಲ್ಲರಿಗೂ ಗೊತ್ತು. ವಸ್ತು ಎಲ್ಲಿಂದ ಬಂತು ಅನ್ನೋದಕ್ಕಿಂತ ಎಷ್ಟು, ಎಲ್ಲಿ, ಎಷ್ಟು ಹೊತ್ತು ಅನ್ನೋದನ್ನ ಕೇಳಬೇಕು. ಸಾಸಿವೆಯನ್ನೇ ಹೊಲದಲ್ಲಿ ಹೂತಾಗಲೂ ಈ ಪ್ರಶ್ನೆ ತಪ್ಪಲ್ಲ. ಕೀಟಗಳನ್ನ ಕೊಂದು ರೈತನಿಗೆ ಉಪಕಾರ ಮಾಡುವ ಜಂತುಹುಳುಗಳೂ ಮಣ್ಣಿನಲ್ಲಿವೆ. ಜೈವಿಕ ಹೊಗೆ ಅವುಗಳ ಕೆಲಸವನ್ನೂ ಕೆಡಿಸುತ್ತೆ ಅಂತ 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ.

ಈ ಲೇಬಲ್ಲಿನ ಬಗ್ಗೆ ಇಷ್ಟು ಯಾಕೆ ತಲೆ ಕೆಡಿಸ್ಕೋತೀಯಾ ಅಂತ ಕೇಳಬಹುದು. ಕಾರಣ ಇದೆ. ಮಾಲೂರು ಕಡೆಯ ನನ್ನ ಗೆಳೆಯನೊಬ್ಬನ ತಂದೆ ಕೋಸು ಬೆಳೀತಾರೆ. ಹುಳ ಜಾಸ್ತಿಯಾದಾಗ ವಾರಕ್ಕೊಮ್ಮೆ ಔಷಧಿ ಹೊಡೀತಾರೆ, ಪಂಚೆ ಎತ್ತಿ ಕಟ್ಟಿ, ಮುಖಕ್ಕೊಂದು ಟವೆಲ್ಲು ಸುತ್ತಿ. “ಔಷ್ದಿ ಹೊಡ್ದ ದಿನ ರಾತ್ರಿ ಊಟ ಸೇರಲ್ಲಪ್ಪ” ಅಂತ ಒಮ್ಮೆ ಹೇಳಿದ್ದರು, ಅದೇನೋ ಮಾಮೂಲು ವಿಷಯ ಅನ್ನೋ ಹಾಗೆ. ‘ನೈಸರ್ಗಿಕ’ ಅಂತ ಬರೆದ ಬಾಟಲಿ ಕೈಗೆ ಬಂದರೆ ಅವರು ಆ ಟವೆಲ್ಲನ್ನೂ ತೆಗೆದಿಡ್ತಾರೆ. ನನಗೆ ಭಯ ಆಗೋದು ಅಲ್ಲಿ. ಲೇಬಲ್ಲಿನ ಸುಳ್ಳಿಗೆ ದಂಡ ಕಟ್ಟೋದು ಮಾರಿದವನಲ್ಲ, ಹೊಡೆದವನ ಶ್ವಾಸಕೋಶ.

ಈಗ ನಮ್ಮ ಮನೆ ಹತ್ತಿರದ ಸಂಗತಿಗೆ ಬರ್ತೀನಿ. ಸಾಸಿವೆಯನ್ನ ಕೀಟದ ವಿರುದ್ಧ ಬಳಸುವ ಬಹಳ ಜಾಣ ಉಪಾಯವೊಂದು ನಮ್ಮ ಹೆಸರಘಟ್ಟದಲ್ಲೇ ಹುಟ್ಟಿದೆ. ಅಲ್ಲಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಶ್ರೀನಿವಾಸನ್ ಮತ್ತು ಕೃಷ್ಣಮೂರ್ತಿ ಅನ್ನುವ ವಿಜ್ಞಾನಿಗಳು 1991ರಲ್ಲಿ ಇದನ್ನ ಪ್ರಕಟಿಸಿದರು. ಹುಳ ಸಾಸಿವೆಯ ವಾಸನೆಗೆ ಮರುಳಾಗುತ್ತೆ ತಾನೇ? ಹಾಗಾದರೆ ಸಾಸಿವೆಯನ್ನೇ ಬಲೆ ಮಾಡಿ! ಪ್ರತಿ 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ. ಒಂದು ಸಾಲನ್ನ ಕೋಸು ನಾಟಿ ಮಾಡುವ 15 ದಿನ ಮೊದಲು ಬಿತ್ತಬೇಕು, ಇನ್ನೊಂದನ್ನ ನಾಟಿಯಾದ 25 ದಿನಕ್ಕೆ. ಮೊದಲ ಸಾಲು ಮುದಿಯಾಗುವ ಹೊತ್ತಿಗೆ ಎರಡನೆಯದು ಎಳೆಯದಾಗಿ ಸಿದ್ಧ. ಪತಂಗಗಳು ಕೋಸು ಬಿಟ್ಟು ಸಾಸಿವೆಯ ಮೇಲೆ ಮೊಟ್ಟೆ ಇಡ್ತವೆ. ಔಷಧಿ ಹೊಡೆಯೋದು ಮುಖ್ಯವಾಗಿ ಆ ಸಾಸಿವೆ ಸಾಲಿಗೆ, ಕೋಸಿಗೆ ಬೇಕಾದರೆ ಬೇವಿನ ಬೀಜದ ಕಷಾಯ. ನೋಡಿ, ಇಲ್ಲಿ ಯಾರೂ ಯಾವ ಕಿಣ್ವವನ್ನೂ ಹಿಂಡಿ ತೆಗೆಯಲಿಲ್ಲ. ಗಿಡ ಮತ್ತು ಹುಳದ ಹಳೆ ಜಗಳವನ್ನ ಅರ್ಥ ಮಾಡಿಕೊಂಡು ಅದರ ನಡುವೆ ಎರಡು ಸಾಲು ಬಿತ್ತಿದರು, ಅಷ್ಟೇ.

ಇದು ಎಲ್ಲಾ ಕಡೆ ಒಂದೇ ಥರ ಫಲ ಕೊಟ್ಟಿಲ್ಲ ಅನ್ನೋದೂ ನಿಜ. ಬೇರೆ ಕೆಲವು ದೇಶಗಳ ಪ್ರಯೋಗಗಳಲ್ಲಿ ಸಾಸಿವೆ ಇಷ್ಟು ಚೆನ್ನಾಗಿ ಬಲೆಯಾಗಲಿಲ್ಲ. ಸಾಲು ತಪ್ಪಿದರೆ, ದಿನ ತಪ್ಪಿದರೆ, ಸಾಸಿವೆ ಸಾಲನ್ನ ನೋಡಿಕೊಳ್ಳದೆ ಬಿಟ್ಟರೆ ಅದೇ ಹುಳದ ನರ್ಸರಿ ಆಗಬಹುದು. ಆದರೂ ಈ ವಿದ್ಯೆಗೆ ಸಿಗಬೇಕಾದ ಪ್ರಚಾರ ಸಿಕ್ಕಿಲ್ಲ ಅಂತಲೇ ನನಗನ್ನಿಸೋದು. ಕಾರಣವೂ ಸರಳ. ಹಿಡಿ ಸಾಸಿವೆ ಕಾಳು ಮಾರಿ ಯಾವ ಕಂಪನಿ ಉದ್ಧಾರ ಆಗುತ್ತೆ? ಬಾಟಲಿಗೆ ಜಾಹೀರಾತು ಇದೆ, ಡೀಲರ್ ಇದ್ದಾನೆ, ಕಮಿಷನ್ ಇದೆ. ‘15 ದಿನ ಮೊದಲು ಒಂದು ಸಾಲು ಬಿತ್ತಿ’ ಅನ್ನೋ ಮಾತಿಗೆ ಡೀಲರ್ ಇಲ್ಲ. ಮಾರೋಕಾಗದ ಜ್ಞಾನವನ್ನ ಹೊತ್ತು ಹೊಲದ ತನಕ ಹೋಗಬೇಕಾದ್ದು ಸರ್ಕಾರವೇ. ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ, ಜಿಲ್ಲೆಗೊಂದು ಕೃಷಿ ವಿಜ್ಞಾನ ಕೇಂದ್ರ ಇರೋದು ಇದಕ್ಕೇ ಅಲ್ವಾ? ಮಾಲೂರಿನಲ್ಲೋ ಹೊಸಕೋಟೆಯಲ್ಲೋ ಒಂದು ಹೊಲದಲ್ಲಿ ಇದನ್ನ ಮಾಡಿ ತೋರಿಸಿದರೆ, ಪಕ್ಕದ ಹೊಲದವರು ಬೇಲಿಯಾಚೆಯಿಂದ ನೋಡಿಯೇ ಕಲೀತಾರೆ.

ವಿರೋಧದ ಮಾತುಗಳೂ ಇವೆ, ನ್ಯಾಯವಾದವೇ. ಜೈವಿಕ ಹೊಗೆಗೆ ಅಂತ ಸಾಸಿವೆ ಬೆಳೆಸೋಕೆ ಒಂದೂವರೆ ಎರಡು ತಿಂಗಳು ನೆಲ ಕಟ್ಟಿಹಾಕಬೇಕು. ಒಂದು ಎಕರೆ ಇರೋ ರೈತ ಆ ತಿಂಗಳುಗಳಲ್ಲಿ ಏನು ತಿನ್ನಬೇಕು? ಹೂತ ಕೂಡಲೇ ಸಸಿ ನೆಟ್ಟರೆ ಸಸಿಗೂ ಪೆಟ್ಟು, ಹಾಗಾಗಿ ಮತ್ತೆ ಕಾಯಬೇಕು. ಸಾಸಿವೆ ಬೆಳೆಯುವಾಗ ಬೇರುಗಂಟು ಜಂತುಹುಳ ಅದರ ಬೇರಲ್ಲೇ ಹೆಚ್ಚಾಗುವ ಸಾಧ್ಯತೆಯೂ ಇದೆ. ಅದಕ್ಕೇ ಮೊದಲು ನಮ್ಮ ಕೆಂಪುಮಣ್ಣಿನಲ್ಲಿ, ನಮ್ಮ ಬಿಸಿಲಿನಲ್ಲಿ, ನಮ್ಮ ತಳಿಗಳಲ್ಲಿ ಅಳೆದು ನೋಡಿ ಆಮೇಲೆ ಶಿಫಾರಸು ಮಾಡಲಿ ಅಂತ ನಾನು ಕೇಳೋದು. ಆಸ್ಟ್ರೇಲಿಯಾದ ಗೋಧಿ ಹೊಲದ ಲೆಕ್ಕವನ್ನ ಕೋಲಾರಕ್ಕೆ ಕಾಪಿ ಪೇಸ್ಟ್ ಮಾಡೋದು ಬೇಡ. ಕಾಪಿ ಪೇಸ್ಟಿನ ಕಷ್ಟ ನಮ್ಮ ವೃತ್ತಿಯವರಿಗೆ ಚೆನ್ನಾಗಿ ಗೊತ್ತು :-)

ಇನ್ನೊಂದೇ ಮಾತು. ಗ್ಲುಕೋಸಿನೊಲೇಟ್ ಜಾಸ್ತಿ ಇರುವ ಹಿಂಡಿ ಕೋಳಿ ಹಂದಿಗಳಿಗೆ ಒಗ್ಗಲ್ಲ. ಹಾಗಾಗಿ ತಳಿ ವಿಜ್ಞಾನಿಗಳು ಅದು ಕಮ್ಮಿ ಇರುವ ಸಾಸಿವೆ ತಳಿಗಳನ್ನ ಬೆಳೆಸ್ತಾ ಬಂದಿದ್ದಾರೆ. ದೆಹಲಿಯ ಪೂಸಾ ಸಂಸ್ಥೆಯ ‘ಪೂಸಾ ಡಬಲ್ ಜೀರೋ ಮಸ್ಟರ್ಡ್ 31’ ಅಂಥದ್ದೊಂದು. ಒಳ್ಳೆಯದೇ. ಆದರೆ ಇಡೀ ಗಿಡದಿಂದಲೇ ಮದ್ದು ತೆಗೆದುಹಾಕಿದರೆ ಗಿಡ ನಿರಾಯುಧ ಆಗುತ್ತೆ, ಆಮೇಲೆ ಅದನ್ನ ಕಾಯೋಕೆ ಮತ್ತೆ ಬಾಟಲಿ ಬೇಕು! ಇದಕ್ಕೆ ದೆಹಲಿಯ ರಾಷ್ಟ್ರೀಯ ಸಸ್ಯ ಜೀನೋಮ್ ಸಂಶೋಧನಾ ಸಂಸ್ಥೆಯವರು 2023ರಲ್ಲಿ ಸೊಗಸಾದ ಉತ್ತರ ಪ್ರಕಟಿಸಿದರು. ಗ್ಲುಕೋಸಿನೊಲೇಟನ್ನ ಬೀಜಕ್ಕೆ ಸಾಗಿಸುವ ಸಾಗಣೆ ಪ್ರೋಟೀನುಗಳ ಜೀನುಗಳನ್ನ ಕ್ರಿಸ್ಪರ್‌ನಿಂದ ತಿದ್ದಿದರು. ಬೀಜದಲ್ಲಿ ಕಮ್ಮಿ, ಎಲೆಯಲ್ಲಿ ಹೆಚ್ಚು. ಹಿಂಡಿ ಪ್ರಾಣಿಗೂ ಆಯ್ತು, ಗಿಡದ ಕೈಯಲ್ಲಿ ಆಯುಧವೂ ಉಳೀತು. ಜೀನ್ ತಿದ್ದೋದು ‘ನೈಸರ್ಗಿಕ’ ಅಲ್ಲ ಅಂತ ನಮ್ಮಲ್ಲಿ ಕೆಲವರು ಮೂಗು ಮುರೀತಾರೆ. ನನ್ನ ಮಟ್ಟಿಗೆ ಇದು ಎಷ್ಟೋ ‘ನೈಸರ್ಗಿಕ’ ಬಾಟಲಿಗಿಂತ ಸಾಸಿವೆಯ ಸ್ವಭಾವಕ್ಕೆ ಹತ್ತಿರ ಇದೆ.

ಬಾಟಲಿಯೇ ಬೇಡ ಅಂತ ನನ್ನ ವಾದವಲ್ಲ. ಬೇಕಾದ ಕಡೆ ಇರಲಿ. ಆದರೆ ಅದರ ಮೇಲೆ ಒಳಗಿರೋದು ಏನು, ಎಷ್ಟು, ಹೇಗೆ ಮುಟ್ಟಬೇಕು ಅಂತ ಕನ್ನಡದಲ್ಲಿ, ಓದೋಕಾಗುವ ದಪ್ಪ ಅಕ್ಷರದಲ್ಲಿ ಬರೆದಿರಲಿ. ‘ನೈಸರ್ಗಿಕ’ ಅನ್ನೋ ಪದಕ್ಕೆ ಅಲ್ಲಿ ಜಾಗ ಇಲ್ಲದಿದ್ದರೆ ಏನೂ ನಷ್ಟ ಇಲ್ಲ. ಮತ್ತು ಬಾಟಲಿಗೆ ಕೊಡುವ ಸಬ್ಸಿಡಿಯಲ್ಲಿ ಒಂದು ಪಾಲಾದರೂ ಆ ಎರಡು ಸಾಲು ಸಾಸಿವೆಯನ್ನ ಹೊಲದಲ್ಲಿ ಬಿತ್ತಿ ತೋರಿಸೋ ಜನರಿಗೆ ಹೋಗಲಿ.

ನಿಮ್ಮೂರ ಕಡೆ ಕೋಸಿನ ನಡುವೆ ಸಾಸಿವೆ ಬಿತ್ತೋರು ಇದ್ದಾರಾ? ಮನೆಯಲ್ಲಿ ತೋಟ ಗದ್ದೆ ಇರುವ ಬ್ಲಾಗಿಗ ಮಿತ್ರರು ಬಹಳ ಜನ ಇದ್ದೀರಿ. ಮಾಡಿ ನೋಡಿದವರಿದ್ದರೆ, ಫಲ ಕೊಡಲಿ ಬಿಡಲಿ, ಯಾವ ದಿನ ಬಿತ್ತಿದಿರಿ, ಎಷ್ಟು ಸಾಲಿಗೆ ಎಷ್ಟು, ಎಷ್ಟು ಸಲ ಔಷಧಿ ಉಳೀತು ಅಂತ ಬರೀರಿ. ಮಾಲೂರಿನ ಆ ಯಜಮಾನರಿಗೆ ಓದಿ ಹೇಳೋದು ನನ್ನ ಜವಾಬ್ದಾರಿ.